ಕೆಳಮನೆಯ ನಟರ ಕೊನೆಯ ಪಾತ್ರ

ಅವರ ಎಡ ಹುಬ್ಬು ನಟ್ಟನಡುವೆ ಸೀಳಿತ್ತು. ಸಿನಿಮಾವೊಂದರಲ್ಲಿ ಕುದುರೆಯಿಂದ ಬಿದ್ದ ಗಾಯ ಎಂದು ಹೊಸಬರಿಗೆಲ್ಲ ಹೇಳುತ್ತಿದ್ದರು. ಪರಿಚಯ ಹಳೆಯದಾದ ಮೇಲೆ, ಬಚ್ಚಲಿನ ಬಾಗಿಲು ಬಡಿದದ್ದು ಎಂದು ಮೆಲ್ಲಗೆ ಒಪ್ಪಿಕೊಳ್ಳುತ್ತಿದ್ದರು.

ಸ್ವೀಡನ್ನಿನ ಮೋಲ್ನ್‌ಡಾಲ್‌ನಲ್ಲಿ ನಮ್ಮ ಕೆಳಗಿನ ಮನೆ ಅವರದು. ಔಷಧ ಸಂಶೋಧನೆಯ ಕೆಲಸಕ್ಕೆಂದು ದಾವಣಗೆರೆಯಿಂದ ಗಂಡ, ಮಗಳೊಂದಿಗೆ ನಾನು ಬಂದ ಹೊಸತು. ನೆಲಮಾಳಿಗೆಯಲ್ಲಿ ಎಲ್ಲರೂ ಸರದಿಯ ಮೇಲೆ ಬಟ್ಟೆ ಒಗೆಯುವ ಕೋಣೆಯಲ್ಲಿ ನಿಂತು, ಜ್ವರವಿದ್ದರೂ ಇಲ್ಲವೆಂದು ಅಮ್ಮನಿಗೆ ಫೋನಿನಲ್ಲಿ ಹೇಳುತ್ತಿದ್ದೆ. ಬಟ್ಟೆ ಮಡಚುತ್ತಿದ್ದ ಎತ್ತರದ ಮುದುಕರೊಬ್ಬರು, ಮಾತು ಮುಗಿಯುವವರೆಗೆ ಕಾದು, ಅದು ಯಾವ ಭಾಷೆ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಆಮೇಲೆ, ನೀವು ಏನನ್ನೋ ಮುಚ್ಚಿಟ್ಟಿರಿ ಅಲ್ಲವೇ ಎಂದರು. ಭಾಷೆಯೇ ಬಾರದೆ ಅದು ಹೇಗೆ ತಿಳಿಯಿತೆಂದು ನಾನು ಬೆರಗಾದೆ. ದನಿಯ ಏರಿಳಿತ ಕೇಳಿಯೇ ಅನ್ನ ತಿಂದವನು ನಾನು ಎಂದು ನಕ್ಕರು.

ಅವರು ಆಸ್ಟ್ರೇಲಿಯಾದವರು, ನಟರು. ಹರೆಯದಲ್ಲಿ ಸಿಡ್ನಿಯ ರೇಡಿಯೋ ನಾಟಕಗಳಲ್ಲಿ ಶುರುಮಾಡಿದರಂತೆ. ಮೊದಲು ತೆಂಗಿನ ಚಿಪ್ಪು ಬಡಿದು ಕುದುರೆಯ ಸದ್ದು ಮಾಡುವ ಕೆಲಸ, ಆಮೇಲೆ ಮಾತು ಸಿಕ್ಕಿತು. ಟಿವಿ ಧಾರಾವಾಹಿಯಲ್ಲಿ ಪೊಲೀಸ್ ಆಗಿ ವರ್ಷಗಟ್ಟಲೆ ಕಾಣಿಸಿಕೊಂಡಾಗ, ದಾರಿಹೋಕರು ನಿಜವಾದ ಕಳ್ಳತನದ ದೂರು ಕೊಡಲು ಬರುತ್ತಿದ್ದರಂತೆ. ಸಿನಿಮಾಗಳಲ್ಲಿ ಮಾತ್ರ ಬೇಗ ಸಾಯುವ ಪಾತ್ರಗಳೇ. ಕೊನೆಗೊಂದು ದೊಡ್ಡ ಪಾತ್ರ ಕೈಗೆ ಬಂತು. ಆಗಲೇ ಅವರು ಸ್ವೀಡನ್ನಿನ ನರ್ಸ್ ಒಬ್ಬರನ್ನು ಮದುವೆಯಾಗಿದ್ದರು. ಆಕೆಯ ತಂದೆ ಹಾಸಿಗೆ ಹಿಡಿದರು. ಒಂದು ಚಳಿಗಾಲ ಇದ್ದು ಬರೋಣವೆಂದು ಹೊರಟವರು ಇಲ್ಲೇ ಉಳಿದರು. ಆ ಪಾತ್ರ ಇನ್ನೊಬ್ಬರ ಪಾಲಾಯಿತು.

ಇಲ್ಲಿ ಅವರ ಸ್ವೀಡಿಷ್ ಕೇಳಿದ ನಿರ್ದೇಶಕರು, ದಾರಿ ತಪ್ಪಿದ ಪ್ರವಾಸಿ, ಹಡಗಿನ ಕ್ಯಾಪ್ಟನ್, ಇಂಥವನ್ನಷ್ಟೇ ಕೊಟ್ಟರು. ಆಮೇಲೆ ಅವೂ ನಿಂತವು. ಕಂಪನಿಗಳ ನೌಕರರಿಗೆ ಇಂಗ್ಲಿಷ್ ಕಲಿಸುತ್ತ ನಿವೃತ್ತರಾದರು. ಹೆಂಡತಿಯ ಬಗ್ಗೆ ಒಮ್ಮೆಯೂ ಕಹಿ ಆಡಿದವರಲ್ಲ. ಆಕೆ ತೀರಿಕೊಂಡ ಮೇಲೆ ಒಂದು ಸಂಜೆ ಮಾತ್ರ ಹೇಳಿದರು: “ನನ್ನ ಕಸುಬೇ ಮಾತು. ಆ ಮಾತು ನಡೆಯದ ಊರಿಗೆ ಬಂದುಬಿಟ್ಟೆ. ಬಂದದ್ದಕ್ಕೆ ದುಃಖವಿಲ್ಲ. ಆದರೆ ದುಃಖವಿಲ್ಲ ಅಂತ ದಿನಾ ಹೇಳಿಕೊಳ್ಳಬೇಕಲ್ಲ, ಅದು ಸುಸ್ತು.”

ಜನರೆದುರು ನಿಂತರೆ ನನಗೆ ನಾಲಗೆ ಅಂಟಿಕೊಳ್ಳುತ್ತಿತ್ತು. ಆಫೀಸಿನಲ್ಲಿ ನನ್ನ ಸಂಶೋಧನೆಯ ಬಗ್ಗೆ ಮಾತಾಡಬೇಕಾಗಿ ಬಂದಾಗ ಅವರೇ ಅಭ್ಯಾಸ ಮಾಡಿಸಿದರು. “ಸಭೆಗೆ ಹೇಳಬೇಡ. ಅದರಲ್ಲಿ ಯಾರೋ ಒಬ್ಬರಿಗೆ ಹೇಳು. ಉಳಿದವರು ಕದ್ದು ಕೇಳಲಿ,” ಎನ್ನುತ್ತಿದ್ದರು. ಇಂದು ನಾನು ಧೈರ್ಯವಾಗಿ ಬಾಯಿ ತೆರೆಯುವುದು ಅವರು ಕೊಟ್ಟ ಭಿಕ್ಷೆ.

ಹೋದ ವರ್ಷ ರಂಜಾನ್‌ಗೆ ಮುಂಚೆ ಸಿಡ್ನಿಯಿಂದ ಕರೆ ಬಂತು. ಹಳೆಯ ಧ್ವನಿಮುದ್ರಣಗಳಲ್ಲಿ ಅವರ ದನಿ ಕೇಳಿದ್ದ ಯುವ ನಿರ್ದೇಶಕಿಯೊಬ್ಬಳು ರೇಡಿಯೋ ನಾಟಕದ ಮುಖ್ಯ ಪಾತ್ರಕ್ಕೆ ಇವರನ್ನೇ ಬಯಸಿದ್ದಳು. ಕುರಿಯ ಉಣ್ಣೆ ಕತ್ತರಿಸಿ ಬದುಕಿದ ಮುದುಕನೊಬ್ಬ, ಮುನಿಸಿಕೊಂಡು ದೂರವಾದ ಮಗಳಿಗೆ ಫೋನ್ ಮಾಡುವ ಕಥೆ. ಇಲ್ಲೇ ಪಕ್ಕದ ಗೋಥೆನ್‌ಬರ್ಗ್‌ನ ಸ್ಟುಡಿಯೋದಲ್ಲಿ ಕೂತು ಓದಿದರೆ ಸಾಕಿತ್ತು. ಅವರು ನಮ್ಮೊಂದಿಗೆ ಇಫ್ತಾರ್‌ಗೆ ಬಂದು, ಖರ್ಜೂರ ತಿಂದು, ಅಡುಗೆಮನೆಯಲ್ಲೇ ಅಭ್ಯಾಸ ಮಾಡುತ್ತಿದ್ದರು. ಮಗಳ ಕ್ಷಮೆ ಕೇಳುವ ಮಾತಿಗೆ ಬಂದಾಗ ಅವರು ದನಿ ಏರಿಸಲಿಲ್ಲ. ಅಲ್ಲಿ ಮಳೆ ಬಂತೇ ಎಂದು ವಿಚಾರಿಸುವವರಂತೆ ಕ್ಷಮೆ ಕೇಳಿದರು. ನನಗೆ ಅಳು ಬಂತು.

ಅವರು ಇಳಿದು ಹೋದ ಮೇಲೆ ನನ್ನ ಗಂಡ ಹೇಳಿದರು: “ಹಾಲು ಉಕ್ಕೋದು ಕಾಣ್ತಿತ್ತು ಕಣೇ, ಎದ್ದು ಸ್ಟವ್ ಆಫ್ ಮಾಡೋಕೆ ಮನಸ್ಸೇ ಬರ್ಲಿಲ್ಲ.”

ರೆಕಾರ್ಡಿಂಗ್‌ಗೆ ಇನ್ನೂ ವಾರವಿರುವಾಗ ಅವರಿಗೆ ಪಾರ್ಶ್ವವಾಯು ಬಡಿಯಿತು. ಜೀವ ಉಳಿಯಿತು, ಮಾತು ಹೋಯಿತು. ತಿಂಗಳುಗಳ ನಂತರ ಒಂದೊಂದೇ ಶಬ್ದ ಮರಳಿದಾಗ, ಬಂದದ್ದು ಇಂಗ್ಲಿಷ್ ಅಲ್ಲ, ಸ್ವೀಡಿಷ್. ಮೆದುಳಿನ ವಿಷಯದಲ್ಲಿ ಹೀಗೂ ಆಗುವುದುಂಟು ಎಂದರು ಡಾಕ್ಟರ್. ಜೀವನವಿಡೀ ಅವರಿಗೆ ಒಲಿಯದ ಭಾಷೆ ಅದು. ಡಾಗಿಸ್‌ಗೆ, ಅಂದರೆ ಶಿಶುವಿಹಾರಕ್ಕೆ, ಹೋಗುವ ನನ್ನ ಮಗಳಿಗೆ ಮಾತ್ರ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. “ಅಮ್ಮಾ, ಮೊರ್ಫಾರ್ ಈಗ ನನ್ ಥರಾನೇ ಮಾತಾಡ್ತಾರೆ,” ಎಂದಳು. ಮೊರ್ಫಾರ್ ಎಂದರೆ ಅಮ್ಮನ ಅಪ್ಪ. ಹಾಗೆ ಕರೆಯಲು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ನಾಟಕವನ್ನು ಇನ್ನೊಬ್ಬ ನಟ ಮಾಡಿದ. ಪ್ರಸಾರವಾದಾಗ ನಾವು ಅವರ ಪಕ್ಕ ಕೂತು ಕೇಳಿದೆವು. ಕ್ಷಮೆಯ ಮಾತು ಬರುತ್ತಲೇ ಆತ ಗದ್ಗದನಾದ. ಇವರು ಕಣ್ಣು ಮುಚ್ಚಿ, ಇಲ್ಲವೆಂಬಂತೆ ತಲೆಯಾಡಿಸಿದರು. ಅದನ್ನು ಹೇಗೆ ಹೇಳಬೇಕೆಂದು ತೋರಿಸಲು ಬಾಯಿ ತೆರೆದರು. ಇಂಗ್ಲಿಷ್ ಬರಲಿಲ್ಲ. ನಾನು ಅವರ ಕೈ ಹಿಡಿದುಕೊಂಡೆ.

ಈ ಚಳಿಗಾಲ ಅವರು ಹೋದರು. ಚರ್ಚಿನಲ್ಲಿ ಪಾದ್ರಿ ಅವರನ್ನು ಒಳ್ಳೆಯ ಇಂಗ್ಲಿಷ್ ಮೇಷ್ಟ್ರು ಎಂದು ಹೊಗಳಿದರು. ಬಂದಿದ್ದ ಕೆಲವೇ ಜನರಿಗೆ ಅದಕ್ಕಿಂತ ಹೆಚ್ಚು ತಿಳಿದಿರಲಿಲ್ಲ. ಯಾರಾದರೂ ಮಾತಾಡುವಿರಾ ಎಂದು ಕೇಳಿದಾಗ ನಾನು ಎದ್ದು ನಿಂತು, ನನ್ನ ಹರಕು ಸ್ವೀಡಿಷ್‌ನಲ್ಲಿ, ಅವರು ನಟರಾಗಿದ್ದರು ಎಂದೆ.

ಆಮೇಲೆ ಕಾಫಿಯ ಹೊತ್ತಿನಲ್ಲಿ ಅವರ ಹೆಂಡತಿಯ ಗೆಳತಿಯೊಬ್ಬರು ಹತ್ತಿರ ಬಂದರು. ಆತ ಮಾಡಿದ ಯಾವ ಪಾತ್ರವನ್ನು ನೀವು ನೋಡಿದ್ದೀರಿ ಎಂದು ಕೇಳಿದರು. ಅವರ ಸಿನಿಮಾ, ಧಾರಾವಾಹಿ ಯಾವುದನ್ನೂ ನಾನು ನೋಡಿರಲಿಲ್ಲ. ಕುರಿಯ ಉಣ್ಣೆ ಕತ್ತರಿಸುವ ಮುದುಕನ ಪಾತ್ರ ಎಂದೆ. ಆಕೆ ಕುರ್ಚಿ ಎಳೆದುಕೊಂಡರು. ನಾನು ಮೊದಲಿನಿಂದ ಹೇಳತೊಡಗಿದೆ.