ಅಕ್ಕ ತೆಗೆದ ತಿಮಿಂಗಿಲದ ಬೆನ್ನು

ನನ್ನ ಅಕ್ಕ ರಾಜಾಜಿನಗರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದಳು. ನಾನಾಗ ಬಿ.ಎ. ಓದುತ್ತಿದ್ದೆ. ಎಪ್ಪತ್ತರ ದಶಕದ ನಡುವಿನ ಮಾತು. ನಾವಿಬ್ಬರೂ ಅಲ್ಲಿಯವರೆಗೆ ಸಮುದ್ರ ನೋಡಿದವರಲ್ಲ. ಮದುವೆಯಾಗಿ ಕಾರವಾರಕ್ಕೆ ಹೋಗಿದ್ದ ಅಕ್ಕನ ಗೆಳತಿಯೊಬ್ಬಳು ಒಮ್ಮೆ ಬೆಂಗಳೂರಿಗೆ ಬಂದಾಗ, ಅವರ ಮನೆಯೆದುರಿನ ಕಡಲಲ್ಲಿ ಬೆಳಗ್ಗೆ ಡಾಲ್ಫಿನ್‌ಗಳು ಹಾದುಹೋಗುತ್ತವೆ ಅಂದಳು. ಬೀದಿಗೆ ಸೊಪ್ಪಿನ ಗಾಡಿ ಬರುವುದನ್ನು ಹೇಳುವಷ್ಟು ಸಲೀಸಾಗಿ ಅಂದಳು. ಅಕ್ಕ ಕಾಫಿ ಲೋಟ ಕೆಳಗಿಟ್ಟು, "ಡಿಸೆಂಬರ್ ರಜಕ್ಕೆ ಬರ್ತೀನಿ ಕಣೇ," ಅಂದುಬಿಟ್ಟಳು.

ಅಮ್ಮನಿಗೆ ಇದು ಹಿಡಿಸಲಿಲ್ಲ.

"ಮೀನಿನ ಫೋಟೋ ತೆಗಿಯೋಕೆ ಅಷ್ಟು ದೂರ ಹೋಗ್ಬೇಕೇನೇ?"

"ಅದು ಮೀನಲ್ಲಮ್ಮ. ನಮ್ಮ ಹಾಗೆ ಉಸಿರಾಡುತ್ತೆ. ಮರಿಗೆ ಹಾಲು ಕುಡಿಸುತ್ತೆ."

ಅಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದರು. "ನೀರೊಳಗೆ ಹೆಂಗೆ ಕುಡಿಸುತ್ತೆ?"

ಅಕ್ಕ ಅಲ್ಲೇ ಒಲೆಯ ಪಕ್ಕ ಕೂತು ವಿವರಿಸಿದಳು. ಆಮೇಲೆ ಅಮ್ಮ ತಕರಾರು ತೆಗೆಯಲಿಲ್ಲ. ತಂಗಿಯನ್ನೂ ಕರಕೊಂಡು ಹೋಗು ಅಂತ ಮಾತ್ರ ಹೇಳಿದರು.

ಅಪ್ಪನ ಹತ್ತಿರ ಒಂದು ಹಳೆಯ ಕ್ಯಾಮೆರಾ ಇತ್ತು. ಪೆಟ್ಟಿಗೆಯಂಥದ್ದು, ಮುಂದೆ ಒಂದರ ಮೇಲೊಂದು ಎರಡು ಲೆನ್ಸು. ಹೊಟ್ಟೆಯ ಹತ್ತಿರ ಹಿಡಿದು, ಮೇಲಿನಿಂದ ಬಗ್ಗಿ, ಗಾಜಿನ ಮೇಲೆ ಬೀಳುವ ಚಿತ್ರ ನೋಡಬೇಕು. ಆ ಗಾಜಿನಲ್ಲಿ ಎಡಬಲ ಅದಲುಬದಲು. ಎಡಕ್ಕೆ ಓಡುವ ನಾಯಿ ಬಲಕ್ಕೆ ಓಡಿದಂತೆ ಕಾಣುತ್ತಿತ್ತು. ಮದುವೆಯ ಗಂಡುಹೆಣ್ಣನ್ನು ನಿಲ್ಲಿಸಿ ತೆಗೆಯಲು ಅದು ಸರಿ. ಕುಲುಕುವ ದೋಣಿಯಲ್ಲಿ ಕೂತು, ಯಾವಾಗ ಎಲ್ಲಿ ಏಳುತ್ತದೋ ಗೊತ್ತಿಲ್ಲದ ಪ್ರಾಣಿಯನ್ನು ಹಿಡಿಯುವುದು ಹೇಗೆ?

ಅಕ್ಕ ಅದಕ್ಕೂ ದಾರಿ ಹುಡುಕಿದಳು. ಸ್ಕೂಲಿನಿಂದ ಬಂದವಳೇ ವರಾಂಡದ ಉಯ್ಯಾಲೆಯಲ್ಲಿ ಕ್ಯಾಮೆರಾ ಹಿಡಿದು ಕೂರುತ್ತಿದ್ದಳು. ನಾನು ತಳ್ಳಬೇಕು. ಅವಳು ತೂಗಾಡುತ್ತಲೇ ರಸ್ತೆಯಲ್ಲಿ ಹೋಗುವ ಸೈಕಲ್ಲು, ಕಾಂಪೌಂಡಿನ ಮೇಲಿನ ಕಾಗೆಗಳನ್ನು ಗಾಜಿನಲ್ಲಿ ಹಿಂಬಾಲಿಸುತ್ತಿದ್ದಳು. ಒಳಗೆ ಫಿಲಂ ಇರುತ್ತಿರಲಿಲ್ಲ. "ಓರೆಯಾಗಿ ತಳ್ಳೇ, ಅಲೆ ನೆಟ್ಟಗೆ ಬರಲ್ಲ," ಅನ್ನುತ್ತಿದ್ದಳು. ಎದುರುಮನೆಯವರು ಗೇಟಿಗೆ ಬಂದು ನಿಂತು ನಗುತ್ತಿದ್ದರು. ಅವಳಿಗೆ ಅದರ ಪರಿವೆಯೇ ಇರಲಿಲ್ಲ. ನನಗೆ ನಾಚಿಕೆಯಾಗುತ್ತಿತ್ತು, ಆದರೂ ತಳ್ಳುತ್ತಿದ್ದೆ.

ಕಾರವಾರದಲ್ಲಿ ಗೆಳತಿಯ ಗಂಡ ಒಬ್ಬ ದೋಣಿಯವರನ್ನು ಗೊತ್ತುಮಾಡಿದ್ದರು. ನಡುವಯಸ್ಸಿನವರು, ಮಾತು ಕಡಿಮೆ. ಒಂದು ಬದಿಗೆ ಮರದ ದಿಮ್ಮಿ ಕಟ್ಟಿದ ಸಣ್ಣ ದೋಣಿ, ಮೂವರು ಕೂತರೆ ತುಂಬಿತು. ಮೊದಲನೇ ಬೆಳಗ್ಗೆ ಡಾಲ್ಫಿನ್‌ಗಳು ಸಿಕ್ಕವು. ಬೂದು ಬೆನ್ನು ಹೊರಳಿಸಿ, ಫುಸ್ ಅಂತ ಉಸಿರು ಬಿಟ್ಟು, ಅಕ್ಕ ಗುಂಡಿ ಒತ್ತುವಷ್ಟರಲ್ಲಿ ಮಾಯ. ಬೆನ್ನಟ್ಟಿದಷ್ಟೂ ದೂರ ಹೋದವು. ನಾನು ದೋಣಿಯ ಅಂಚು ಹಿಡಿದು ಕೂತಿದ್ದೆ. ಒಂದು ರೋಲ್ ಪೂರ್ತಿ ಬರೀ ನೀರಿಗೆ ಖರ್ಚಾಯಿತು ಅಂತ ಅವಳಿಗೆ ಅಲ್ಲೇ ಗೊತ್ತಾಗಿತ್ತು.

ಮರುದಿನ ದಡ ಬಿಟ್ಟು ಸಾಕಷ್ಟು ಒಳಗೆ ಹೋದಮೇಲೆ ಅಕ್ಕ, "ಹುಟ್ಟು ಹಾಕೋದು ನಿಲ್ಲಿಸ್ತೀರಾ? ಸುಮ್ನೆ ಇದ್ದು ನೋಡೋಣ," ಅಂದಳು. ದೋಣಿಯವರು ಹುಟ್ಟು ಒಳಗೆಳೆದು ಬೀಡಿ ಹಚ್ಚಿದರು. ಬಿಸಿಲೇರಿತು. ನಾವು ಚಟ್ನಿಪುಡಿ ಸವರಿದ ರೊಟ್ಟಿ ತಿನ್ನುತ್ತಿದ್ದಾಗ ಅವು ತಾವಾಗಿಯೇ ಬಂದವು. ತಾಯಿ, ಪಕ್ಕಕ್ಕೆ ಅಂಟಿಕೊಂಡಂತೆ ಒಂದು ಮರಿ. ತಾಯಿ ಎದ್ದಾಗಲೆಲ್ಲ ಮರಿಯೂ ಎದ್ದು ಪುಟ್ಟದೊಂದು ಉಸಿರು ಬಿಡುತ್ತಿತ್ತು. ಅಕ್ಕ ಬಗ್ಗಿದಳು. ದೋಣಿ ತೂಗುತ್ತಿತ್ತು, ಅವಳ ಸೊಂಟ ಅದರ ಜೊತೆಗೇ ತೂಗುತ್ತಿತ್ತು, ಕೈ ಮಾತ್ರ ಅಲುಗಲಿಲ್ಲ. ಕ್ಲಿಕ್. ತಿರುಪು ತಿರುಗಿಸುವುದು, ಮತ್ತೆ ಕ್ಲಿಕ್. ನಾನು ಡಾಲ್ಫಿನ್ ನೋಡುವುದು ಬಿಟ್ಟು ಅವಳನ್ನೇ ನೋಡುತ್ತಿದ್ದೆ.

ಆಗ ನಮ್ಮ ಹಿಂದೆ ಬೇರೊಂದು ಸದ್ದಾಯಿತು. ಬಿನ್ನಿಪೇಟೆಯ ಹತ್ತಿರ ರೈಲಿನ ಎಂಜಿನ್ ಹಬೆ ಬಿಡುತ್ತಿತ್ತಲ್ಲ, ಅಂಥದ್ದು. ತಿರುಗಿದರೆ ನೀರಿನ ಮೇಲೆ ಬಿಳಿಯ ಮಂಜಿನ ಕಂಬ. ಅದರ ಬುಡದಲ್ಲಿ ಕಪ್ಪಗೆ ಹೊಳೆಯುವ ಬೆನ್ನೊಂದು ಮೇಲೆದ್ದು, ಮುಂದೆ ಸರಿಯಿತು, ಸರಿಯುತ್ತಲೇ ಇತ್ತು. ಮುಗಿಯುವ ಹಾಗೇ ಕಾಣಲಿಲ್ಲ. ಹಳಸಿದ ಮೀನಿನ ವಾಸನೆ ಗಾಳಿಯಲ್ಲಿ ಬಂತು.

ದೋಣಿಯವರು ಬೀಡಿ ಎಸೆದು ಹುಟ್ಟು ಹಿಡಿದರು. "ಅಕ್ಕೋರೆ, ವಾಪಸ್ ಹೋಗುವ. ಇಷ್ಟು ದೊಡ್ಡದು ನಾನೂ ಕಂಡಿಲ್ಲ."

ನಾನು ಅಕ್ಕನ ಸೆರಗು ಹಿಡಕೊಂಡಿದ್ದೆ. "ಹೋಗೋಣ ಕಣೇ."

ಅಕ್ಕನ ಮುಖವೂ ಬಿಳುಚಿತ್ತು. ಆದರೆ ಅವಳು ಮೆತ್ತಗೆ, ಕ್ಲಾಸಿನಲ್ಲಿ ಹೆದರಿದ ಹುಡುಗಿಗೆ ಹೇಳುವಂತೆ, "ಅದು ತನ್ನ ಪಾಡಿಗೆ ಹೋಗ್ತಿದೆ. ಇನ್ನೊಂದು ಉಸಿರಿಗೆ ಮೇಲೆ ಬರಲೇಬೇಕು. ಅಷ್ಟು ಹೊತ್ತು ಇರೋಣ. ನಿಮಗೆ ಬೇಡ ಅನ್ಸಿದ್ರೆ ಈಗ್ಲೇ ತಿರುಗಿಸಿ," ಅಂದಳು.

ಅವರು ತಿರುಗಿಸಲಿಲ್ಲ. ಅದು ಇನ್ನೂ ದೂರದಲ್ಲಿ, ತೆರೆದ ಕಡಲಿನತ್ತ ಮುಖಮಾಡಿ ಎದ್ದಿತು. ಕೊನೆಯ ಚಿತ್ರ ಅದಕ್ಕೇ ಹೋಯಿತು. ಅದು ಮುಳುಗಿದ ಮೇಲೂ ಅಲ್ಲಿ ನೀರು ಎಣ್ಣೆ ಸವರಿದಂತೆ ನುಣ್ಣಗಿತ್ತು. ದೋಣಿಯವರು ಆ ಕಡೆ ಕೈಮುಗಿದರು. ಅಕ್ಕನ ಕಣ್ಣಲ್ಲಿ ನೀರು. ಅವಳು ಅತ್ತದ್ದನ್ನು ನಾನು ನೋಡಿದ್ದೇ ಅಪರೂಪ.

ರಾಜಾಜಿನಗರದ ಸ್ಟುಡಿಯೋದಲ್ಲಿ ಪ್ರಿಂಟು ಹಾಕಿಸಿ, ದೊಡ್ಡದು ಮಾಡಿಸಿ, ನಡುಮನೆಯಲ್ಲಿ ಇಟ್ಟೆವು. ತಾಯಿ–ಮರಿಯ ಚಿತ್ರ ಎಲ್ಲರಿಗೂ ಇಷ್ಟ. ತಿಮಿಂಗಿಲದ್ದು ನೋಡಿ ಬಂದವರೆಲ್ಲ ಪೇಚಾಡುತ್ತಿದ್ದರು. ಅಗಲವಾದ ಬೂದು ನೀರು, ನಡುವೆ ಹೆಬ್ಬೆರಳಿನಷ್ಟು ಕಪ್ಪು ಗೆರೆ, ಮೇಲೊಂದು ಬಿಳಿ ಚುಕ್ಕೆ. "ಬಂಡೆನಾ ಮೇಡಂ?" ಅಂತ ಎದುರುಮನೆಯ ಹೆಂಗಸು ಕೇಳಿದರು. ಅಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. ಅವರನ್ನು ಬೆತ್ತದ ಕುರ್ಚಿಯಲ್ಲಿ ಕೂರಿಸಿ, ಚಿತ್ರವನ್ನು ಅವರ ತೊಡೆಯ ಮೇಲಿಟ್ಟು, "ಇದು ಬೆನ್ನು ಅಷ್ಟೆ. ಮಿಕ್ಕಿದ್ದೆಲ್ಲ ಕೆಳಗಿದೆ," ಅಂತ ಶುರುಮಾಡಿದಳು. ಅವರು ಎದ್ದಾಗ ಬೀದಿದೀಪ ಹತ್ತಿತ್ತು. ಮರುದಿನ ಸಂಜೆ ಯಜಮಾನರನ್ನೂ ಕರಕೊಂಡು ಬಂದರು.