ಎಡ ಹೆಗಲು ಬಲ್ಲ ಮಾಸ್ತರು

ನಮ್ಮ ಕಟಿಂಗ್ ಮಾಸ್ತರ ಬಲಗೈ ಹೆಬ್ಬೆರಳ ಬುಡದಲ್ಲಿ ಹುಣಸೆಬೀಜದಂಥ ಗಂಟೊಂದಿತ್ತು. ನಲವತ್ತು ವರ್ಷ ಕತ್ತರಿ ಹಿಡಿದು ಬಂದದ್ದು. ಬಣ್ಣವೂ ಹುಣಸೆಬೀಜದ್ದೇ, ನುಣುಪೂ ಅದರದ್ದೇ. ಹೊಸ ಬಟ್ಟೆ ಮುಂದೆ ಹರವಿಕೊಂಡಾಗ ಆ ಗಂಟನ್ನು ತಿಕ್ಕುತ್ತ ಕೂರುತ್ತಿದ್ದರು. ತಿಕ್ಕುವುದು ನಿಂತಿತೆಂದರೆ ನಾವು ಮಷೀನು ನಿಲ್ಲಿಸಿ ಆ ಕಡೆ ನೋಡುತ್ತಿದ್ದೆವು. ಕತ್ತರಿ ಒಮ್ಮೆ ಒಳಗೆ ಹೋದರೆ ಆ ತುದಿ ಮುಟ್ಟುವ ತನಕ ಎಲ್ಲಿಯೂ ತಡೆಯುತ್ತಿರಲಿಲ್ಲ.

ನಾನು ಏಳನೇ ಇಯತ್ತೆ ಬಿಟ್ಟು ಉಪ್ಪಿನಬೆಟಗೇರಿಯಿಂದ ಹುಬ್ಬಳ್ಳಿಯ ಬೆಂಗೇರಿಗೆ, ಮಾಸ್ತರ ಹೊಲಿಗೆ ಅಂಗಡಿಗೆ ಬಂದವನು. ಸಾಲಿ ಬಿಟ್ಟದ್ದಕ್ಕೆ ನನಗೆ ನಾಚಿಕೆಯಿಲ್ಲ. ದುಡಿದಿದ್ದೇನೆ, ಇವತ್ತು ಆರು ಮಷೀನಿಗೆ ಮಾಲೀಕ. ಬರೆಯುವುದು ನನ್ನ ಕಸುಬಲ್ಲ. ಆದರೆ ಮಾಸ್ತರ ಬಗ್ಗೆ ಈ ಊರಲ್ಲಿ ಯಾರೂ ಒಂದು ಸಾಲು ಬರೆಯಲಿಲ್ಲ, ಬರೆಯಿಸಬಹುದಾಗಿದ್ದ ದೊಡ್ಡವರೊಬ್ಬರು ಬೇಕಂತಲೇ ಬರೆಯಿಸಲಿಲ್ಲ. ಆ ಸಿಟ್ಟೇ ಇವತ್ತು ನನ್ನ ಕೈಗೆ ಪೆನ್ನು ಕೊಟ್ಟಿದೆ.

ಮಾಸ್ತರು ಮನುಷ್ಯರ ಮುಖ ನೋಡುತ್ತಿರಲಿಲ್ಲ, ಹೆಗಲು ನೋಡುತ್ತಿದ್ದರು. ಚಹಾದಂಗಡಿ ಮುಂದೆ ನಿಂತಾಗ ನನ್ನ ಪಕ್ಕೆ ತಿವಿದು, "ಅಲ್ಲಿ ನೋಡ ತಮ್ಮಾ, ಅಂವ ಸಣ್ಣಾಂವಿದ್ದಾಗ ಕೊಡ ಹೊತ್ತಾನ, ಬಲಗಡೆ ಇಳದೈತಿ. ಈಗ ಕಾರಿನ್ಯಾಗ ಅಡ್ಡ್ಯಾಡಿದ್ರ ಏನಾತು, ಮಾರಿ ಸುಳ್ಳ ಹೇಳತೈತಿ, ಹೆಗಲ ಹೇಳೂದಿಲ್ಲ" ಎನ್ನುತ್ತಿದ್ದರು.

ಅಳತೆ ತೆಗೆಯುವಾಗ ಅವರದೊಂದು ಪದ್ಧತಿ ಇತ್ತು. ಎದೆ, ಸೊಂಟ, ತೋಳು ಬಾಯಿಬಿಟ್ಟು ಹೇಳುವರು, ನಾನು ಬುಕ್ಕಿನಲ್ಲಿ ಬರೆದುಕೊಳ್ಳುವೆ. ಮೈಯಲ್ಲಿ ಏನಾದರೂ ಕೊರತೆ ಕಂಡರೆ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ನನ್ನ ಬೆನ್ನ ಮೇಲೆ ಬೆರಳಿಂದ ಮೆಲ್ಲಗೆ ತಟ್ಟುತ್ತಿದ್ದರು. ಯಾವ ಕಡೆ ತಟ್ಟಿದರೋ ಆ ಕಡೆಯ ಹೆಗಲು ಇಳಿದಿದೆ, ಎಷ್ಟು ಸಲ ತಟ್ಟಿದರೋ ಅಷ್ಟು ಪದರ ಹತ್ತಿ ಒಳಗೆ ಕೂಡಿಸಬೇಕು. ಬುಕ್ಕಿನಲ್ಲಿ ಯಾಕೆ ಬರೆಯಬಾರದು ಎಂದು ಒಮ್ಮೆ ಕೇಳಿದ್ದೆ.

"ಬುಕ್ಕು ಯಾರರೆ ತಗದು ನೋಡತಾರ. ಮಂದಿ ನಮ್ಮ ಮುಂದ ಅಂಗಿ ಕಳದು ನಿಂತಿರತಾರ ತಮ್ಮಾ, ಡಾಕ್ಟರ ಮುಂದ ನಿಂತಂಗ."

ಅವರ ಗಿರಾಕಿಗಳಲ್ಲಿ ಎಲ್ಲರಿಗಿಂತ ದೊಡ್ಡವರು ಒಬ್ಬ ಸಾಹುಕಾರರು. ಊರಲ್ಲಿ ಮೂರು ಬಟ್ಟೆ ಶೋರೂಮು, ವಿದ್ಯಾನಗರದಲ್ಲಿ ಬಂಗಲೆ, ವ್ಯಾಪಾರಸ್ಥರ ಸಂಘಕ್ಕೆ ಅವರೇ ಮುಖ್ಯಸ್ಥರು. ಅವರ ಸಲುವಾಗಿ ನನ್ನ ಬೆನ್ನ ಎಡಕ್ಕೆ ಬೀಳುತ್ತಿದ್ದದ್ದು ಮೂರು ತಟ್ಟು. ಇಪ್ಪತ್ತೆರಡು ವರ್ಷ ಅವರ ಒಂದೊಂದು ಕೋಟನ್ನೂ ನಮ್ಮ ಮಾಸ್ತರೇ ಹೊಲಿದರು. ಪ್ರತಿ ಸಲವೂ ಸಾಹುಕಾರರು ಕಿಸೆಯಿಂದ ಮುಂಬೈ ಅಂಗಡಿಯದೊಂದು ಲೇಬಲ್ ತೆಗೆದುಕೊಟ್ಟು ಒಳಗೆ ಹೊಲಿಸಿಕೊಳ್ಳುತ್ತಿದ್ದರು.

"ಹುಬ್ಬಳ್ಯಾಗ ಹೊಲಿಸೇನಿ ಅಂದ್ರ ಮೀಟಿಂಗಿನ್ಯಾಗ ಮರ್ಯಾದಿ ಉಳಿಯೂದಿಲ್ರಿ ಮಾಸ್ತರ. ನೀವ ಏನೂ ತಿಳ್ಕೋಬ್ಯಾಡ್ರಿ."

ಮಾಸ್ತರು ಏನೂ ತಿಳಿದುಕೊಳ್ಳುತ್ತಿರಲಿಲ್ಲ. ತಿಳಿದುಕೊಂಡವನು ನಾನು.

ಕೆಲವು ವರ್ಷಗಳ ಹಿಂದೆ ಸಾಹುಕಾರರ ಸಂಘದವರು ವಿದ್ಯಾನಗರದ ಒಂದು ಸಭಾಗೃಹದಲ್ಲಿ ದೊಡ್ಡ ಕಾರ್ಯಕ್ರಮ ಇಟ್ಟರು. ನಮ್ಮ ಭಾಗದ ಫ್ಯಾಷನ್ನಿಗೆ ಉದ್ಯಮಿಗಳ ಬೆಂಬಲ ಅಂತ ಅದರ ಹೆಸರು. ಖಣದ ಜಾಕೀಟು, ಇಳಕಲ್ ಸೀರೆಯಿಂದ ಮಾಡಿದ ಉದ್ದನೆಯ ನಿಲುವಂಗಿ, ಇಂಥವನ್ನು ಹುಡುಗ ಹುಡುಗಿಯರು ತೊಟ್ಟು ವೇದಿಕೆಯ ಮೇಲೆ ನಡೆಯುವವರಿದ್ದರು. ಬೆಂಗಳೂರಿಂದ ಬಂದ ಡಿಸೈನರ್ ಮೇಡಂ ಕಾಗದದ ಮೇಲೆ ಚಿತ್ರ ಬರೆದುಕೊಟ್ಟು ಹೋದರು. ಹೊಲಿದವರು ಬೆಂಗೇರಿಯ ನಾವು ಒಂಬತ್ತು ಮಂದಿ, ಕತ್ತರಿಸಿದವರು ಮಾಸ್ತರು. ಖಣ ಸಣ್ಣ ಅಗಲದ ಕುಪ್ಪಸದ ಬಟ್ಟೆ, ಅದರಲ್ಲಿ ಜಾಕೀಟು ಕೂಡುವುದಿಲ್ಲ ಎಂದು ಆ ಮೇಡಂಗೆ ಗೊತ್ತಿರಲಿಲ್ಲ. ಅಂಚಿಗೆ ಅಂಚು ಕೂಡಿಸಿ, ಜೋಡಣೆ ಕಾಣದ ಹಾಗೆ ಮಾಡಿದ್ದು ಮಾಸ್ತರ ತಲೆ.

ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮುಂಚೆ ಮಾಸ್ತರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ನನ್ನನ್ನೂ ಕರೆದುಕೊಂಡು ಶೋರೂಮಿಗೆ ಹೋದರು. ಅವರು ಯಾರ ಹತ್ತಿರವೂ ಏನನ್ನೂ ಬೇಡಿದ್ದನ್ನು ನಾನು ಕಂಡಿರಲಿಲ್ಲ.

"ಸಾಹುಕಾರ್ರ, ಬೆಂಗೇರಿ ಟೇಲರ್ಸ್ ಹೊಲದಾರ ಅಂತ ಕೆಳಗ ಒಂದ ಸಾಲು ಹಾಕಸ್ರಿ. ನನ್ನ ಹೆಸರ ಬ್ಯಾಡ, ಎಲ್ಲಾರ್ದೂ ಕೂಡಿ ಒಂದ ಸಾಲು."

ಸಾಹುಕಾರರು ನಕ್ಕರು. "ಮಾಸ್ತರ, ನಿಮ್ಮ ಸಲುವಾಗೇ ಇಷ್ಟೆಲ್ಲಾ ಮಾಡಾಕತ್ತೇವಿ. ಆದ್ರ ಫ್ಯಾಷನ್ ಅಂದಮ್ಯಾಲ ಬೆಂಗೇರಿ ಅಂತ ಬರದ್ರ ಯಾರ ಬರತಾರ್ರಿ? ಚಹಾ ಕುಡೀರಿ."

ಮಾಸ್ತರು ಚಹಾ ಕುಡಿದರು. ನಾನು ಕುಡಿಯಲಿಲ್ಲ.

ಕಾರ್ಯಕ್ರಮದ ಹಿಂದಿನ ದಿನ ಸಾಹುಕಾರರ ಕೋಟು ಗುಂಡಿ ಬಿಗಿ ಮಾಡುವುದಕ್ಕೆ ನಮ್ಮಲ್ಲಿಗೆ ಬಂತು. ಮಾಸ್ತರು ಮಧ್ಯಾಹ್ನ ಊಟಕ್ಕೆ ಹೋಗಿದ್ದರು. ನಾನು ಎಡ ಹೆಗಲಿನ ಅಸ್ತರ ಬಿಚ್ಚಿ, ಮೂರೂ ಪದರ ಹತ್ತಿ ತೆಗೆದು, ಮತ್ತೆ ಹೊಲಿದು, ಇಸ್ತ್ರಿ ಮಾಡಿ ಕಳಿಸಿದೆ. ಸೆಕೆಗೆ ಹೆದರಿ ಸಾಹುಕಾರರು ಕೋಟನ್ನು ಕೈಮೇಲೆ ಹಾಕಿಕೊಂಡು ಬರುತ್ತಾರೆ, ವೇದಿಕೆ ಹತ್ತುವಾಗಲೇ ತೊಡುತ್ತಾರೆ, ಕನ್ನಡಿ ನೋಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಹತ್ತಿಯನ್ನು ಕಿಸೆಯಲ್ಲಿ ಇಟ್ಟುಕೊಂಡೆ. ಯಾಕೆ ಇಟ್ಟುಕೊಂಡೆ ಎಂದರೆ, ಖುಷಿಗೆ.

ಮರುದಿನ ಅಂದುಕೊಂಡ ಹಾಗೇ ಆಯಿತು. ಸಾಹುಕಾರರು ಮೈಕಿನ ಮುಂದೆ ನಿಂತಾಗ ಕೋಟಿನ ಎಡಭಾಗ ಒದ್ದೆ ಗೋಣಿಚೀಲದ ಹಾಗೆ ಜೋತುಬಿದ್ದಿತ್ತು. ಕೊರಳಿಂದ ಕಂಕುಳದ ತನಕ ಅಡ್ಡ ಸುಕ್ಕು. ಅವರು ಹೇಳುತ್ತಿದ್ದದ್ದೇನು ಗೊತ್ತೇ? "ನಮ್ಮ ಟೇಲರ್‌ಗಳು ಫಿನಿಶಿಂಗ್ ಕಲಿಯಬೇಕು. ಫಿನಿಶಿಂಗ್ ಅಂದರೆ ಏನು ಅಂತ ಮುಂಬೈಗೆ ಹೋಗಿ ನೋಡಿ ಬರಬೇಕು." ಹೇಳುತ್ತ ಕೋಟಿನ ಕಾಲರು ಸವರಿಕೊಂಡರು. ಹಿಂದಿನ ಸಾಲುಗಳಲ್ಲಿ ನಗೆ ಶುರುವಾಯಿತು. ಫೋಟೋದವನೊಬ್ಬ ಕೆಳಗಿಂದ, "ಸರ, ಎಡಗಡೆ ಹೆಗಲ ಸ್ವಲ್ಪ ಮ್ಯಾಲ ಎತ್ರೀ" ಅಂದ. ಪಾಪ, ಎತ್ತಿದರು. ಸಭೆಗೆ ಸಭೆಯೇ ನಕ್ಕಿತು. ಅಷ್ಟು ಸಿಹಿಯಾದ ನಗೆಯನ್ನು ನಾನು ಮತ್ತೆ ಕೇಳಿಲ್ಲ.

ಪಕ್ಕಕ್ಕೆ ತಿರುಗಿದರೆ ಮಾಸ್ತರು ನಗುತ್ತಿರಲಿಲ್ಲ. ಎದ್ದು, ಸೂಜಿ ದಾರದ ಚೀಲ ಹಿಡಿದು, ವೇದಿಕೆಯ ಕಡೆ ನಡೆದಿದ್ದರು. ನಾನೂ ಹಿಂದೆಯೇ ಓಡಿದೆ. ಭಾಷಣ ಮುಗಿಸಿದ ಸಾಹುಕಾರರು ಗುಂಪಿನ ಫೋಟೋಕ್ಕೆಂದು ಉಳಿದ ಉದ್ಯಮಿಗಳ ಜೊತೆ ಕೆಳಗಿಳಿದು ನಿಂತಿದ್ದರು.

"ಕೋಟ್ ತಗೀರಿ ಸಾಹುಕಾರ್ರ," ಅಂದರು ಮಾಸ್ತರು.

"ಇಲ್ಲಿ ಬ್ಯಾಡ್ರಿ ಮಾಸ್ತರ," ಸಾಹುಕಾರರು ಪಿಸುಗುಟ್ಟಿದರು.

"ಇಲ್ಲೇ ಆಗತೈತ್ರಿ. ಐದ ಮಿನಿಟು."

ಮಾಸ್ತರು ವೇದಿಕೆಯ ಮೆಟ್ಟಿಲ ಮೇಲೆ ಕೂತು ಕೋಟನ್ನು ತೊಡೆಯ ಮೇಲೆ ಹರವಿಕೊಂಡರು. ಹುಡುಕಲಿಲ್ಲ, ತಡವಲಿಲ್ಲ, ಬಿಚ್ಚಬೇಕಾದ ಹೊಲಿಗೆಯನ್ನೇ ಬ್ಲೇಡಿನಿಂದ ಬಿಚ್ಚಿದರು. ಚೀಲದಿಂದ ಅದೇ ಬಣ್ಣದ ದಾರ ತೆಗೆದರು. ಒಳಗೆ ಬೆರಳಾಡಿಸಿ ನೋಡಿದರು, ಹತ್ತಿಯಿರಲಿಲ್ಲ. ಆಮೇಲೆ ತಲೆ ಎತ್ತದೆ, ನನ್ನ ಕಡೆ ನೋಡದೆ, ಕೈ ಚಾಚಿ ಅಂದರು: "ತಾ."

ಕಿಸೆಯಲ್ಲಿದ್ದ ಹತ್ತಿಯನ್ನು ಅವರ ಕೈಯಲ್ಲಿಟ್ಟೆ. ನೆಲ ಬಾಯಿ ತೆರೆಯಬಾರದೇ ಅನ್ನಿಸಿತು.

ಸುತ್ತ ನಿಂತ ಉದ್ಯಮಿಗಳಲ್ಲಿ ಹತ್ತಿ ಗಿರಣಿಯ ಮಾಲೀಕರೊಬ್ಬರು ಚೇಷ್ಟೆಯ ಮನುಷ್ಯ. "ಏನ್ರಿ ಮಾಸ್ತರ, ಮುಂಬೈ ಕೋಟಿನ ಕೂಡ ನಿಮ್ಮದು ಭಾಳ ಪರಿಚಯ ಇದ್ದಂಗ ಕಾಣತೈತಲ್ಲ?" ಎಂದು ಕೇಳಿದರು.

ಮಾಸ್ತರು ಸೂಜಿಗೆ ದಾರ ಪೋಣಿಸುತ್ತಿದ್ದರು. "ಇಪ್ಪತ್ತೆರಡ ವರ್ಷದ ಪರಿಚಯರಿ. ಎಲ್ಲಾ ಕೋಟೂ ಬೆಂಗೇರ್ಯಾಗ ನಾನ ಹೊಲದಿದ್ದು. ಲೇಬಲ್ ಅಷ್ಟ ಸಾಹುಕಾರ್ರದು."

ಯಾರೂ ನಗಲಿಲ್ಲ. ಬನಿಯನ್ನಿನ ಮೇಲಿನ ತೆಳು ಅಂಗಿಯಲ್ಲಿ, ಇಳಿದ ಹೆಗಲು ಹೊತ್ತು ಸಾಹುಕಾರರು ಎಲ್ಲರ ನಡುವೆ ನಿಂತೇ ಇದ್ದರು. ಮಾಸ್ತರು ಅವಸರ ಮಾಡಲಿಲ್ಲ. ಹೊಲಿಗೆ ಮುಗಿಸಿ, ದಾರ ಹಲ್ಲಿನಿಂದ ಕಡಿದು, ಎದ್ದು ನಿಂತು, ತಾವೇ ಕೋಟು ತೊಡಿಸಿ ಹೆಗಲು ಸವರಿದರು. ಕೋಟು ಗೆರೆ ಎಳೆದ ಹಾಗೆ ಕೂತಿತು. "ಹತ್ತಿ ಸರದಿತ್ತರಿ," ಎಂದಷ್ಟೇ ಹೇಳಿದರು. ನನ್ನನ್ನು ತೋರಿಸಿಕೊಡಲಿಲ್ಲ.

ಬಸ್ಸಿನಲ್ಲಿ ಬರುವಾಗ ನನಗೆ ಹೇಳಿದ್ದು ಒಂದೇ ಮಾತು: "ಕೆಡಸಾಕ ಇಲಿಗೂ ಬರತೈತಿ." ಆಮೇಲೆ ಒಂದು ತಿಂಗಳು ನನಗೆ ಕತ್ತರಿ ಮುಟ್ಟಗೊಡಲಿಲ್ಲ. ಮೂವತ್ತು ದಾಟಿದ ಮನುಷ್ಯ, ಕೂತು ಬರೀ ಗುಂಡಿ ಹಚ್ಚಿದೆ.

ಕಾರ್ಯಕ್ರಮದ ಮರುದಿನ ಪತ್ರಿಕೆಯಲ್ಲಿ ಸಾಹುಕಾರರ ಫೋಟೋ ಬಂತು, ಡಿಸೈನರ್ ಮೇಡಂ ಹೆಸರು ಬಂತು. ಬೆಂಗೇರಿಯ ಹೆಸರಿಲ್ಲ. ಸಾಹುಕಾರರು ಅವತ್ತಿನಿಂದ ನಮ್ಮ ಅಂಗಡಿಗೆ ಕಾಲಿಡಲಿಲ್ಲ. ಗಿರಣಿ ಮಾಲೀಕರು ಮಾತ್ರ ವಾರದೊಳಗೆ ಬಂದರು, ಒಂದು ಕೋಟು ಹೊಲಿಸಿದರು. ಲೇಬಲ್ ಏನು ಹಾಕಲಿ ಎಂದು ಮಾಸ್ತರು ಕೇಳಿದ್ದಕ್ಕೆ ಗೋಡೆಯ ಕಡೆ ನೋಡಿ, "ಮುಂಬೈದ ಹಾಕ್ರಿ" ಅಂದರು.

ಹೋದ ವರ್ಷ ಮಾಸ್ತರು ತೀರಿಕೊಂಡರು. ಮುಂಜಾನೆ ಚಹಾ ಕುಡಿದು ಗೋಡೆಗೆ ಒರಗಿದವರು ಏಳಲಿಲ್ಲ. ಸಾಹುಕಾರರು ಹಾರ ತಂದರು. ಕೂಡಿದ ಮಂದಿಯ ಮುಂದೆ ಗಂಟಲು ನಡುಗಿಸಿ, ನಮ್ಮ ಊರಿನ ಆಸ್ತಿ ಹೋಯಿತು ಅಂದರು. ತಿಂಗಳು ಕಳೆಯುವುದರೊಳಗೆ ಮಗಳ ಮದುವೆ ಅಂತ ಬಟ್ಟೆ ಹಿಡಿದು ನನ್ನ ಅಂಗಡಿಗೆ ಬಂದರು.

"ನನ್ನ ಅಳತಿ ಗೊತ್ತಿದ್ದಾಂವ ಈಗ ನೀ ಒಬ್ಬಾಂವ ಉಳದಿ ನೋಡಪಾ."

"ಹೊಲೀತೇನ್ರಿ ಸಾಹುಕಾರ್ರ. ಆದ್ರ ಲಗ್ನದಾಗ ಅಕ್ಕಿಕಾಳು ಬಿದ್ದಮ್ಯಾಲ ಮೈಕ್ ಹಿಡದು, ಈ ಕೋಟ್ ಬೆಂಗೇರಿ ಮಾಸ್ತರ ಶಿಷ್ಯ ಹೊಲದಾನಂತ ಹೇಳಬೇಕ್ರಿ."

"ಲಗ್ನದಾಗ ಯಾರರೆ ಹಂಗ ಹೇಳತಾರೇನೋ, ಹುಚ್ಚಾ?"

"ಹಂಗಾರ ಮುಂಬೈಗೆ ಹೋಗ್ರಿ."

ಹೋದರು. ಅಲ್ಲಿಯವರಿಗೆ ಆ ಹೆಗಲು ಸಿಕ್ಕಲಿಲ್ಲ. ಮದುವೆಯಿಂದ ಇತ್ತ ಸಾಹುಕಾರರು ಯಾವ ಸಭೆಗೆ ಬಂದರೂ ಎಡ ಹೆಗಲ ಮೇಲೆ ಕೈಮಗ್ಗದ ಶಾಲೊಂದನ್ನು ಮಡಿಸಿ ಹೊದ್ದಿರುತ್ತಾರೆ. ಸ್ಥಳೀಯ ನೇಕಾರರ ಮೇಲೆ ಅವರಿಗೆ ಎಷ್ಟು ಅಭಿಮಾನ ಎಂದು ಭಾಷಣಕಾರರು ಹೊಗಳುತ್ತಾರೆ, ಮಂದಿ ಚಪ್ಪಾಳೆ ತಟ್ಟುತ್ತಾರೆ. ಹಿಂದಿನ ಸಾಲಿನಲ್ಲಿ ಕೂತು ನಾನೂ ತಟ್ಟುತ್ತೇನೆ.

ಕತ್ತರಿ, ಕಸುಬು, ತಿನ್ನುವ ಅನ್ನ, ಎಲ್ಲವೂ ಮಾಸ್ತರು ಕೊಟ್ಟದ್ದು. ಅವರ ದೊಡ್ಡ ಮನಸ್ಸು ಮಾತ್ರ ನನಗೆ ಬರಲಿಲ್ಲ. ಅವರಾಗಿದ್ದರೆ ಆ ಶಾಲಿನ ಕೆಳಗೆ ಏನಿದೆ ಎಂದು ಸಾಯುವ ತನಕ ಹೇಳುತ್ತಿರಲಿಲ್ಲ. ನಾನು ಹೇಳಿದೆ.