ಪ್ಯೋ ದುಶಿಕ್‌ನ ಮೂರು ಸೆಕೆಂಡು

ಕೊರಿಯಾದ ಸೋಲ್ ನಗರದ ಯೊಂಗ್‌ಸಾನ್ ಮಾರುಕಟ್ಟೆಯ ಮೂರನೇ ಮಹಡಿಯಲ್ಲಿ ನಾನು ಹೋಟೆಲಿನವರಿಗೆ ಆರ್ಡರ್ ಚೀಟಿ ಮುದ್ರಿಸುವ ಯಂತ್ರ ಮಾರುತ್ತೇನೆ. ಪಕ್ಕದ ಗೂಡಂಗಡಿಯಲ್ಲಿ ಪ್ಯೋ ದುಶಿಕ್ ಹದಿನಾಲ್ಕು ವರ್ಷದಿಂದ ಕೂತಿದ್ದಾನೆ. ಚೌಕಾಸಿ ಮಾಡದೆ ಯಂತ್ರ ಕೊಂಡ ಗಿರಾಕಿ ನನ್ನ ಆಯುಷ್ಯದಲ್ಲಿ ಅವನೊಬ್ಬನೇ. ಹಾಗಾಗಿ ಮೊದಲ ವರ್ಷವೆಲ್ಲ ಅವನನ್ನು ಕಳ್ಳನೆಂದೇ ನಂಬಿದ್ದೆ.

ಅವನ ಕಸುಬು ಎಪಿಐ ಜೋಡಿಸುವುದು. ಊಟ ತರಿಸುವ ಆ್ಯಪ್ ಒಬ್ಬರದು, ಅಂಗಡಿಯ ಯಂತ್ರ ಇನ್ನೊಬ್ಬರದು, ಬೈಕ್ ಸವಾರರನ್ನು ಕಳಿಸುವ ಕಂಪನಿ ಮತ್ತೊಬ್ಬರದು. ಒಬ್ಬರ ಅಡುಗೆಮನೆಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ಕಿಟಕಿಯಲ್ಲಿ ನಿಂತು, ಮೊದಲೇ ಗೊತ್ತುಮಾಡಿದ ಮಾತಿನಲ್ಲಿ ಕೇಳಬೇಕು. ಒಳಗಿನಿಂದ ಗೊತ್ತುಮಾಡಿದ ಮಾತಿನಲ್ಲೇ ಉತ್ತರ ಬರುತ್ತದೆ. ಆ ಕಿಟಕಿಯೇ ಎಪಿಐ. 'ಮನೇಲೂ ಈ ಮನುಷ್ಯ ಗೊತ್ತುಮಾಡಿದ್ದಕ್ಕಿಂತ ಒಂದು ಮಾತು ಹೆಚ್ಚಿಗೆ ಆಡಲ್ಲ' ಎಂದು ಬುಸಾನಿನ ತವರಿಗೆ ಹೋದ ಅವನ ಹೆಂಡತಿ ಮರಳಿ ಬರಲಿಲ್ಲ.

ನಮ್ಮ ಬಡಾವಣೆಯಲ್ಲಿ ಸವಾರರ ಪಡೆ ಎರಡು: ಕೆಂಪು ಹೆಲ್ಮೆಟ್ಟಿನವರು, ನೀಲಿ ಹೆಲ್ಮೆಟ್ಟಿನವರು. ಫೋನಿನಲ್ಲಿ ಒಬ್ಬ 'ಹಿಡಿದೆ' ಎಂದು ಒತ್ತಿದ ಮೇಲೆ ಆ ಊಟ ಅವನದು. ಅದಕ್ಕೆ ಇನ್ನೊಬ್ಬ ಕೈ ಹಾಕಿದರೆ ಅವನ ಮೂತಿ ನೆಟ್ಟಗಿರುವುದಿಲ್ಲ. ಆರ್ಡರನ್ನು ಮೊದಲು ಕೆಂಪಿನವರಿಗೆ ಕಳಿಸಿ, ಮೂರು ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ನೀಲಿಯವರಿಗೆ ದಾಟಿಸುವಂತೆ ದುಶಿಕ್ ಜೋಡಿಸಿದ್ದ.

ಜುಲೈ ತಿಂಗಳ ಚೋಬೊಕ್, ಅಂದರೆ ಕಡುಬೇಸಿಗೆ ಶುರುವಾಗುವ ದಿನ, ಬಂತು. ಆ ಸೆಕೆಯಲ್ಲಿ ಊರಿಗೆ ಊರೇ ಕುದಿಯುವ ಕೋಳಿ ಸಾರು ತರಿಸಿ ಕುಡಿಯುತ್ತದೆ. ಮಧ್ಯಾಹ್ನ ಹನ್ನೆರಡಕ್ಕೆ ಕೆಂಪಿನವರ ಸರ್ವರ್ ಏದುಸಿರು ಬಿಡತೊಡಗಿತು. ಆರ್ಡರ್ ತೆಗೆದುಕೊಳ್ಳುತ್ತಿತ್ತು, ಸವಾರನನ್ನೂ ಅಟ್ಟುತ್ತಿತ್ತು. 'ಸಿಕ್ಕಿತು' ಎಂದು ಹೇಳುವುದಕ್ಕೆ ಮಾತ್ರ ನಾಲ್ಕು ಸೆಕೆಂಡು ಹಿಡಿಯುತ್ತಿತ್ತು. ಅಷ್ಟರಲ್ಲಿ ಅದೇ ಆರ್ಡರ್ ನೀಲಿಯವರಿಗೂ ಹೋಗಿರುತ್ತಿತ್ತು.

ಕೆಳಗಿನ ಮ್ಯೊಂಗ್‌ಜಾ ಅಕ್ಕನ ಸಾರಿನಂಗಡಿಯ ಬಾಗಿಲಲ್ಲಿ ಒಂದೇ ಪೊಟ್ಟಣವನ್ನು ಎರಡು ಕೈ ಹಿಡಿದವು.

"ಕಳ್ ನನ್ಮಗ್ನೇ, ಬಿಡೋ ಅದನ್ನ!" ಎಂದ ಕೆಂಪಿನವನು.

"ನಿಮ್ಮಪ್ಪ ಬೇಯ್ಸಿಟ್ಟಿದ್ನೇನೋ?" ಎಂದ ನೀಲಿಯವನು.

ಪೊಟ್ಟಣ ಹರಿದು ಸಾರು ಕೆಂಪಿನವನ ತೊಡೆಯ ಮೇಲೆ ಸುರಿಯಿತು. ಅವನು ಕಿರುಚಿ ಬಾಗಿದಾಗ ನೀಲಿಯವನು ಹೆಲ್ಮೆಟ್ಟು ಬಿಚ್ಚಿ ದವಡೆಗೆ ಬೀಸಿದ. ಎರಡು ಹಲ್ಲು ಮೆಟ್ಟಿಲಿಳಿದು ಹೋದವು. ದವಡೆ ಮುರಿಸಿಕೊಂಡವನು ಮನ್‌ಗಿ; ಕೆಂಪು ಪಡೆಯ ಯಜಮಾನ ಕ್ವಾಕ್ ಮನ್ಸುವಿನ ತಮ್ಮ.

ಹತ್ತು ನಿಮಿಷದಲ್ಲಿ ಕ್ವಾಕ್ ಬೈಕಿನ ಸರಪಳಿ ಹಿಡಿದು, ಇಬ್ಬರು ಆಳುಗಳೊಡನೆ ಮೂರನೇ ಮಹಡಿಗೆ ಬಂದ. ನಾನು ಯಂತ್ರದ ಪೆಟ್ಟಿಗೆಗಳ ಹಿಂದೆ ಸರಕು ಎಣಿಸಲು ಕೂತೆ.

"ನೀಲಿಯವ್ರು ನಮ್ಮ ಆರ್ಡರ್ ಕದ್ರು ಅಂತ ಬರ್ದು ಕೊಡು," ಎಂದ ಕ್ವಾಕ್. "ಆಮೇಲೆ ಅವ್ರ ಆಫೀಸ್ ಕಥೆ ನಾನು ನೋಡ್ಕೋತೀನಿ."

"ಕದ್ದಿಲ್ಲ ಯಜಮಾನ್ರೇ. ತಪ್ಪು ನಂದು. ನಿಮ್ಮ ಸರ್ವರ್ ಸುಮ್ನಿದ್ದಿದ್ದನ್ನ 'ಬೇಡ' ಅಂತ ತಿಳ್ಕೊಳ್ಳೋ ಹಾಗೆ ಬರ್ದ್‌ಬಿಟ್ಟಿದ್ದೆ. ಈಗ್ಲೂ ಒಂದೊಂದು ಊಟಕ್ಕೆ ಇಬ್ಬಿಬ್ರು ಹೋಗ್ತಿದ್ದಾರೆ. ಕಂಪ್ಯೂಟರ್ ಮುಂದೆ ಕೂರೋಕೆ ಬಿಡಿ, ನಿಲ್ಲಿಸ್ತೀನಿ."

"ಕೂತು ಸಾಕ್ಷಿ ಅಳಿಸ್ತೀಯಾ?"

ಸರಪಳಿ ದುಶಿಕ್‌ನ ಕೆನ್ನೆ ಸೀಳಿತು. ಅಷ್ಟರಲ್ಲಿ ಕ್ವಾಕ್‌ನ ಫೋನ್ ಬಡಿದುಕೊಂಡಿತು: ರೈಲು ನಿಲ್ದಾಣದ ಬಳಿ ಇನ್ನೊಂದು ಅಂಗಡಿಯಲ್ಲೂ ಒಂದೇ ಪೊಟ್ಟಣಕ್ಕೆ ಜಗಳವಾಗಿ, ಮಾಂಸ ಕತ್ತರಿಸುವ ಕತ್ತರಿಯಿಂದ ಒಬ್ಬನ ಹೊಟ್ಟೆಗೆ ಇರಿದಿದ್ದಾರೆ.

"ದುಶಿಕ್, ಬರ್ದು ಕೊಟ್ಬಿಡೋ!" ಎಂದೆ ಪೆಟ್ಟಿಗೆಗಳ ಹಿಂದಿನಿಂದ. ನಾನಾಗಿದ್ದರೆ ಸರಪಳಿ ನೋಡಿದೊಡನೆ ಎರಡು ಪ್ರತಿ ಬರೆದಿರುತ್ತಿದ್ದೆ.

ಅವನು ನನ್ನತ್ತ ನೋಡಲಿಲ್ಲ. ಶಟರ್ ಬಂದು ಕೂರುವ ಕಬ್ಬಿಣದ ಪಟ್ಟಿಯ ಮೇಲೆ ಬಲಗೈ ಇಟ್ಟ.

"ಇದನ್ನ ಮುರೀರಿ. ನಾನೇನಾದ್ರೂ ಅಳಿಸಿದ್ರೆ ಇನ್ನೊಂದನ್ನೂ ಮುರೀರಿ. ಎಡಗೈನ ಮಾತ್ರ ಎರಡು ನಿಮಿಷ ಬಿಡಿ."

ಕ್ವಾಕ್ ಸಂಕೋಚದ ಮನುಷ್ಯನಲ್ಲ. ಶಟರನ್ನು ಎರಡೂ ಕೈಯಲ್ಲಿ ಕೆಳಕ್ಕೆ ಎಳೆದ. ಒಂದು ಹಿಡಿ ಚಾಪ್‌ಸ್ಟಿಕ್ಕು ಒಟ್ಟಿಗೆ ಮುರಿದಂತೆ ಸದ್ದಾಯಿತು. ದುಶಿಕ್ ಅಲ್ಲೇ ವಾಂತಿ ಮಾಡಿಕೊಂಡ, ಬಾಯಿ ಒರೆಸಿಕೊಂಡ, ತೆವಳಿ ಕುರ್ಚಿ ಹತ್ತಿದ. ಎಡಗೈಯ ಒಂದೊಂದೇ ಬೆರಳಿನಿಂದ ಒತ್ತುತ್ತ ನೀಲಿಯವರ ಕಡೆ ಹೋಗುವ ದಾರಿಯನ್ನು ಮುಚ್ಚಿದ. ಕೀಲಿಮಣೆಯೆಲ್ಲ ರಕ್ತ.

ಕ್ವಾಕ್‌ನ ಫೋನ್ ಇನ್ನೊಮ್ಮೆ ಬಡಿದುಕೊಂಡಿತು. ಆಮೇಲೆ ಇಲ್ಲ. ಹತ್ತು ನಿಮಿಷ ಅವನು ಅದನ್ನೇ ನೋಡುತ್ತ ನಿಂತಿದ್ದ.

"ಆಸ್ಪತ್ರೆಗೆ ನಡಿ," ಎಂದು ಕೊನೆಗೆ ಗದರಿ, ತನ್ನ ಬೈಕಿನ ಮೇಲೇ ಕೂರಿಸಿಕೊಂಡು ಹೋದ. ನೀಲಿಯವರ ಆಫೀಸಿನ ಗಾಜು ಅಂದು ಉಳಿಯಿತು. ಕತ್ತರಿಯ ಇರಿತ ತಿಂದವನೂ ಉಳಿದ.

ಮರುದಿನ ನಾನು ಆಸ್ಪತ್ರೆಗೆ ನೋಡಲು ಹೋದಾಗ, ದುಶಿಕ್ ಕೈಗೆ ಪಟ್ಟಿ ಕಟ್ಟಿಸಿಕೊಂಡು ಮನ್‌ಗಿಯ ಮಂಚದ ಬಳಿ ನಿಂತಿದ್ದ.

"ತಪ್ಪು ನಂದಪ್ಪ," ಎಂದ.

ದವಡೆಗೆ ತಂತಿ ಬಿಗಿದಿದ್ದರಿಂದ ಮನ್‌ಗಿಗೆ ಬೈಯಲಾಗಲಿಲ್ಲ. ನೀರಿನ ಪ್ಲಾಸ್ಟಿಕ್ ಬಾಟಲಿ ಬೀಸಿ ಎಸೆದ. ಹಣೆಗೆ ತಗುಲಿತು. ದುಶಿಕ್ ಬಗ್ಗಿ ಅದನ್ನೆತ್ತಿ, ಮತ್ತೆ ಮನ್‌ಗಿಯ ಕೈಗೆಟುಕುವಂತೆ ಇಟ್ಟ. ಎರಡನೆಯ ಸಲ ಮೂಗಿಗೆ ಬಿತ್ತು. ಮತ್ತೆ ಎತ್ತಿಟ್ಟ.

ರೋಗಿಗೆಂದು ನಾನು ತಂದಿದ್ದ ಹಣ್ಣಿನ ರಸದ ಪೆಟ್ಟಿಗೆಯನ್ನು ಮೆಲ್ಲಗೆ ಮಂಚದಡಿಗೆ ತಳ್ಳಿದೆ. ಅದರೊಳಗಿದ್ದವು ಗಾಜಿನ ಬಾಟಲಿಗಳು.